ನ್ಯಾಯಾಲಯದ ಮೇಜಿನ ಆಚೆ ಕೂರುವವರು ಯಾರು?

(ದಾವಣಗೆರೆಯಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣದ ಪಾಠ)

ಅಧ್ಯಕ್ಷರೇ, ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಕಾರ್ಮಿಕ ಬಂಧುಗಳೇ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದಿರುವ ವ್ಯಾಪಾರಿ ಮಿತ್ರರೇ, ತಾಯಂದಿರೇ,

ಇಂದು ನಾವು ಮಾತನಾಡಲು ಹೊರಟಿರುವುದು ಮುಷ್ಕರದ ಬಗ್ಗೆ ಅಲ್ಲ, ಚುನಾವಣೆಯ ಬಗ್ಗೆಯೂ ಅಲ್ಲ. ಗುಮಾಸ್ತಿಕೆಯ ಬಗ್ಗೆ. ನ್ಯಾಯಾಲಯದಲ್ಲಿ, ಕಾನೂನು ನೆರವಿನ ಕಚೇರಿಯಲ್ಲಿ ಕಡತ ಹಿಡಿಯುವ, ತಾರೀಖು ಬರೆಯುವ, ಸಮನ್ಸು ಮುಟ್ಟಿಸುವ ಕೆಲಸಗಳ ಬಗ್ಗೆ. ಈ ಕೆಲಸಗಳಿಗೆ ನಮ್ಮ ಮಕ್ಕಳು ಅರ್ಹರಾಗಬೇಕು, ಅರ್ಜಿ ಹಾಕಬೇಕು, ಹೋಗಿ ಕೂರಬೇಕು ಎಂದು ಹೇಳುವುದಕ್ಕಾಗಿಯೇ ಈ ಸಭೆ. ಸಮಾಜವಾದಿ ಪಕ್ಷದವರು ಸರ್ಕಾರಿ ನೌಕರಿಯ ದಲ್ಲಾಳಿಗಳಾದದ್ದು ಯಾವಾಗ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿರಿ. ಆ ಮಾತಿಗೂ ಬರುತ್ತೇವೆ.

ನ್ಯಾಯ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವವರು ಇಬ್ಬರೇ: ಎತ್ತರದ ಪೀಠದ ಮೇಲಿನ ನ್ಯಾಯಾಧೀಶರು, ಕರಿ ಕೋಟಿನ ವಕೀಲರು. ಇವರಿಬ್ಬರ ನಡುವೆ ಇನ್ನೊಂದು ವರ್ಗವಿದೆ. ಶಿರಸ್ತೇದಾರರು, ಮೊದಲನೆ ದರ್ಜೆ ಎರಡನೆ ದರ್ಜೆ ಸಹಾಯಕರು, ಶೀಘ್ರಲಿಪಿಗಾರರು, ಬೆರಳಚ್ಚುಗಾರರು, ನಕಲುಗಾರರು, ಆದೇಶ ಜಾರಿಕಾರರು. ಈ ಕೊನೆಯವರನ್ನು ನಮ್ಮ ಹಿರಿಯರು ಈಗಲೂ ಅಮೀನರೆಂದೇ ಕರೆಯುತ್ತಾರೆ. ಮಗ್ಗದಲ್ಲಿ ಹಾಸು ಸರಿಯಾಗಿದ್ದರೆ ತಾನೆ ಹೊಕ್ಕು ಓಡುವುದು? ನ್ಯಾಯಾಲಯದ ಹಾಸು ಇವರ ಕೈಯಲ್ಲಿದೆ.

ಒಂದು ಅರ್ಜಿ ಹೇಗೆ ನಡೆಯುತ್ತದೆ ನೋಡಿ. ಅದನ್ನು ಕಚೇರಿಯಲ್ಲಿ ಹಾಕಿದ ಮೇಲೆ ಮೊದಲು ಪರಿಶೀಲನೆ. ಕೋರ್ಟು ಫೀ ಸರಿಯಾಗಿದೆಯೆ, ವಕಾಲತ್ತಿಗೆ ಸಹಿ ಬಿದ್ದಿದೆಯೆ, ಲಗತ್ತಿಸಿದ ಕಾಗದಗಳ ಪಟ್ಟಿ ಇದೆಯೆ, ಎದುರುದಾರರ ವಿಳಾಸ ಪೂರ್ತಿಯಾಗಿದೆಯೆ ಎಂದು ನೋಡುತ್ತಾರೆ. ಕೊರತೆಯಿದ್ದರೆ ಕಚೇರಿಯ ಆಕ್ಷೇಪಣೆ ಬೀಳುತ್ತದೆ. ಆಕ್ಷೇಪಣೆ ತೀರಿಸಿದರೆ ನಂಬರು ಬೀಳುತ್ತದೆ. ಈಗ ಗಣಕಯಂತ್ರದಲ್ಲಿ ಪ್ರತಿ ಮೊಕದ್ದಮೆಗೂ ಅಕ್ಷರ ಅಂಕಿ ಸೇರಿದ ಹದಿನಾರರ ಒಂದು ಗುರುತಿನ ಸಂಖ್ಯೆಯನ್ನು ಕೊಡುತ್ತಾರೆ. ದೇಶದ ಯಾವ ಮೂಲೆಯಿಂದಲಾದರೂ ಅದನ್ನು ಹಾಕಿ ನೋಡಿದರೆ ಮುಂದಿನ ವಾಯಿದೆ ಯಾವತ್ತು ಎಂದು ತಿಳಿಯುತ್ತದೆ. ಆಮೇಲೆ ಎದುರುದಾರರಿಗೆ ಸಮನ್ಸು ಹೋಗಬೇಕು. ಅದಕ್ಕೆ ಪ್ರೊಸೆಸ್ ಫೀ ಕಟ್ಟಬೇಕು. ಕಟ್ಟದಿದ್ದರೆ ಆರ್ಡರ್ ಶೀಟಿನಲ್ಲಿ ಒಂದು ಸಾಲು ಬರುತ್ತದೆ: ಫೀ ಕಟ್ಟಿಲ್ಲ, ಮುಂದಿನ ತಾರೀಖಿಗೆ ಇಡಿ. ಆ ಒಂದು ಸಾಲಿನ ಬೆಲೆ ಎರಡು ತಿಂಗಳು. ಕಟ್ಟಿದರೂ ಜಾರಿಕಾರರು ಹೋದಾಗ 'ಮನೆಗೆ ಬೀಗ', 'ಈ ವಿಳಾಸದಲ್ಲಿ ಇಲ್ಲ' ಎಂಬ ಷರಾ ಬಂದರೆ ಮತ್ತೆ ಎರಡು ತಿಂಗಳು.

ಇದರಲ್ಲಿ ಎಲ್ಲಿಯಾದರೂ ನ್ಯಾಯಾಧೀಶರು ಅನ್ಯಾಯ ಮಾಡಿದರೆ? ಇಲ್ಲ. ವಕೀಲರು ಮೋಸ ಮಾಡಿದರೆ? ಅದೂ ಇಲ್ಲವೆನ್ನಿ. ಆದರೂ ವರ್ಷ ಕಳೆಯಿತು. ಕೆಲಸ ಕಳೆದುಕೊಂಡ ಮನುಷ್ಯ ವರ್ಷವಿಡೀ ಕಾಯಲಾರ. ಗಿರಣಿಯ ಆಡಳಿತ ಹತ್ತು ವರ್ಷ ಕಾಯಬಲ್ಲದು. ಬಡವನ ಮೊಕದ್ದಮೆ ತೀರ್ಪಿನಲ್ಲಿ ಸೋಲುವುದಕ್ಕಿಂತ ತಾರೀಖುಗಳಲ್ಲಿ ಸೋಲುವುದೇ ಹೆಚ್ಚು ಎಂದು ನಮ್ಮ ಅಭಿಪ್ರಾಯ.

ವ್ಯಾಪಾರಿ ಮಿತ್ರರಿಗೆ ಇದು ಗಿರಣಿಯವರ ಗೋಳು ಎನ್ನಿಸಬಹುದು. ಹಾಗಲ್ಲ. ನಿಮ್ಮ ಗಲ್ಲಾಪೆಟ್ಟಿಗೆಯಲ್ಲಿ ವಾಪಸು ಬಂದ ಚೆಕ್ಕುಗಳು ಎಷ್ಟಿವೆ? ಮಂಡಕ್ಕಿ ಭಟ್ಟಿಯವರು ಭತ್ತಕ್ಕೆ ಹಣ ಹಾಕಿ, ಮೂಟೆ ಕಳುಹಿಸಿ, ಚೆಕ್ಕು ತೆಗೆದುಕೊಂಡು, ಅದು ಬ್ಯಾಂಕಿನಿಂದ ತಿರುಗಿ ಬಂದಾಗ 'ನೋಡೋಣ, ಅವರೇ ಕೊಡ್ತಾರೆ' ಎಂದು ಸುಮ್ಮನಾಗುತ್ತಾರೆ. ಕಾನೂನು ಸುಮ್ಮನಾಗುವುದಿಲ್ಲ. ಚೆಕ್ಕನ್ನು ಅದರ ತಾರೀಖಿನಿಂದ ೩ ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಅದು ವಾಪಸಾದ ಸುದ್ದಿ ತಿಳಿದ ೩೦ ದಿನದೊಳಗೆ ಚೆಕ್ಕು ಕೊಟ್ಟವನಿಗೆ ಲಿಖಿತ ನೋಟೀಸು ಕಳುಹಿಸಬೇಕು. ನೋಟೀಸು ಮುಟ್ಟಿದ ಮೇಲೆ ಹಣ ಕೊಡಲು ಅವನಿಗೆ ೧೫ ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಿಸಿ ಎಂದು ಕೇಳಬಹುದು. ನೋಟೀಸಿನ ೩೦ ದಿನ ತಪ್ಪಿದರೆ ಆ ದಾರಿಯೂ ಇಲ್ಲ. ಉದ್ರಿ ಕೊಟ್ಟ ಸರಕಿನ ಹಣಕ್ಕೆ ದಾವೆ ಹೂಡಲು ಇರುವುದು ೩ ವರ್ಷ. ವಹಿಯಲ್ಲಿ ಬರೆದಿಟ್ಟುಕೊಂಡು ಐದು ವರ್ಷ ಮುಖ ನೋಡಿದರೆ ಆ ಲೆಕ್ಕ ವಹಿಯಲ್ಲೇ ಉಳಿಯುತ್ತದೆ.

ಕಾರ್ಮಿಕರ ವಿಷಯದಲ್ಲಿ ಈಗ ಇನ್ನೂ ಎಚ್ಚರ ಬೇಕು. ೧೯೪೭ರ ಕೈಗಾರಿಕಾ ವಿವಾದ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೆಲಸದಿಂದ ತೆಗೆಯಲ್ಪಟ್ಟವನು ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ೩ ವರ್ಷದ ಅವಧಿ ಇತ್ತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ೨ ವರ್ಷಕ್ಕೆ ಇಳಿಸಿದೆ. ಒಂದು ವರ್ಷವನ್ನು ಕೊಯ್ದುಕೊಂಡರು. ನಮ್ಮ ಊರಿನಲ್ಲಿ ಎಷ್ಟು ಮನೆಗೆ ಇದು ಗೊತ್ತು? ಆ ಸಂಹಿತೆಯ ವಿರುದ್ಧ ಹೋರಾಟ ಬೇರೆ ನಡೆಯಬೇಕು. ಆದರೆ ಅದು ಇರುವ ತನಕ ದಿನ ಎಣಿಸುವವರೂ ಬೇಕು.

ಹೋರಾಟ ಮತ್ತು ಕಾಗದ ಎರಡೂ ಜೊತೆಗೆ ನಡೆಯಬೇಕು ಎಂಬುದಕ್ಕೆ ನಮ್ಮ ಪಕ್ಷದ ಮನೆಯ ಕಥೆಯೇ ಇದೆ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬ ಜಗಳದಿಂದ ಶುರುವಾದದ್ದು ಸತ್ಯಾಗ್ರಹವಾಯಿತು. ಲೋಹಿಯಾ ಅವರು ಬಂದು ದಸ್ತಗಿರಿಯಾದರು, ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದಲೇ ನಾಡಿಗೆ ಪರಿಚಿತರಾದರು. ಇದನ್ನು ನಾವೆಲ್ಲ ಪ್ರತಿವರ್ಷ ಹೇಳಿಕೊಳ್ಳುತ್ತೇವೆ. ಆಮೇಲಿನದನ್ನು ಹೇಳುವುದು ಕಡಿಮೆ. ೧೯೭೪ರ ಮಾರ್ಚ್ ೧ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನಿಗೆ ಭೂಮಿ ಎಂದಾಯಿತು. ಆದರೆ ಭೂಮಿ ತಾನಾಗಿ ನಡೆದು ಉಳುವವನ ಮನೆಗೆ ಬರಲಿಲ್ಲ. ಗೇಣಿದಾರ ಫಾರಂ ೭ ಎಂಬ ಅರ್ಜಿಯನ್ನು ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಾಗಿತ್ತು. ಅವಧಿಯನ್ನು ಮುಂದೂಡುತ್ತ ಬಂದು ೧೯೭೯ರ ಜೂನ್ ೩೦ಕ್ಕೆ ನಿಲ್ಲಿಸಿದರು. ಅರ್ಜಿ ಹಾಕಿದ್ದವನಿಗೆ ಹಕ್ಕು ಕೇಳುವ ದಾರಿ ಇತ್ತು. ಒಡೆಯರ ಹೆದರಿಕೆಗೋ, ದಾಕ್ಷಿಣ್ಯಕ್ಕೋ, ಬರೆದುಕೊಡುವವರಿಲ್ಲದೆಯೋ ಹಾಕದೆ ಉಳಿದವನು ಮೂರು ತಲೆಮಾರು ಉತ್ತಿದ್ದರೂ ಹೊರಗೇ ಉಳಿದ. ಕಾಯಿದೆಯನ್ನು ತಂದದ್ದು ಸತ್ಯಾಗ್ರಹ. ಹೊಲವನ್ನು ತಂದದ್ದು ಆ ಒಂದು ಹಾಳೆ.

ಇನ್ನು ಕೆಲಸಗಳ ವಿಷಯ. ಪೆನ್ಸಿಲು ತಂದವರು ಬರೆದುಕೊಳ್ಳಿರಿ.

ನಮ್ಮ ರಾಜ್ಯದ ಜಿಲ್ಲಾ ನ್ಯಾಯಾಲಯಗಳಲ್ಲಿ ಆದೇಶ ಜಾರಿಕಾರರ ಹುದ್ದೆಗೆ ಕೇಳಿರುವುದು ಎಸ್.ಎಸ್.ಎಲ್.ಸಿ. ಬೆರಳಚ್ಚುಗಾರ, ಬೆರಳಚ್ಚು ನಕಲುಗಾರರಿಗೆ ಪಿ.ಯು.ಸಿ., ಅದರ ಜೊತೆಗೆ ಕನ್ನಡ ಮತ್ತು ಇಂಗ್ಲಿಷ್ ಬೆರಳಚ್ಚಿನಲ್ಲಿ ಪ್ರೌಢ ದರ್ಜೆಯ ಪರೀಕ್ಷೆ. ಶೀಘ್ರಲಿಪಿಗಾರರಿಗೆ ಇದರ ಮೇಲೆ ಎರಡೂ ಭಾಷೆಯ ಶೀಘ್ರಲಿಪಿ. ಸರ್ಕಾರದ ಎರಡನೆ ದರ್ಜೆ ಸಹಾಯಕರಿಗೆ ಪಿ.ಯು.ಸಿ., ಮೊದಲನೆ ದರ್ಜೆಗೆ ಪದವಿ. ಜಾರಿಕಾರ, ಬೆರಳಚ್ಚುಗಾರ ಮುಂತಾದ ಹುದ್ದೆಗಳಿಗೆ ಜಿಲ್ಲಾ ನ್ಯಾಯಾಧೀಶರ ಕಚೇರಿಯೇ ಪ್ರಕಟಣೆ ಹೊರಡಿಸುತ್ತದೆ. ಅರ್ಜಿ ಅಂತರ್ಜಾಲದಲ್ಲೇ ಹಾಕಬೇಕು. ವಯಸ್ಸಿನ ಮಿತಿಗೆ ಆಗಾಗ ಸಡಿಲಿಕೆ ಆಗುತ್ತಿರುವುದರಿಂದ ಪ್ರತಿ ಪ್ರಕಟಣೆಯನ್ನೂ ಹೊಸದಾಗಿ ಓದಿರಿ. ಯಾರೋ ಹೇಳಿದರೆಂದು ಮನೆಯಲ್ಲಿ ಕೂರಬೇಡಿರಿ.

ಇದರಲ್ಲಿ ಒಂದನ್ನು ಒತ್ತಿ ಹೇಳಬೇಕು. ಈ ಹಿಂದಿನ ಪ್ರಕಟಣೆಗಳಲ್ಲಿ ಎಷ್ಟೋ ಕಡೆ ಸಂದರ್ಶನಕ್ಕೆ ಕರೆದದ್ದು ಅರ್ಹತಾ ಪರೀಕ್ಷೆಯ ಅಂಕಗಳ ಮೇಲೆ. ಎಂದರೆ, ಹತ್ತನೆಯ ತರಗತಿಯಲ್ಲಿ 'ಪಾಸಾದರೆ ಸಾಕು' ಎಂದು ನಾವು ಮಕ್ಕಳಿಗೆ ಹೇಳುವ ಮಾತು ಹತ್ತು ವರ್ಷದ ನಂತರ ಅವರ ಕಾಲಿಗೆ ತೊಡರುತ್ತದೆ. ಪಾಸಾದರೆ ಸಾಲದು. ಗಿರಣಿಯವರ ಮಕ್ಕಳು ಮಾರ್ಚಿ ತಿಂಗಳಲ್ಲೇ ಅಂಗಡಿಗೆ, ಗ್ಯಾರೇಜಿಗೆ ಕೆಲಸಕ್ಕೆ ಹೋಗುವುದನ್ನು ಮೇಷ್ಟರಾಗಿದ್ದಾಗ ನಾವು ಪ್ರತಿವರ್ಷ ನೋಡಿದ್ದೇವೆ. ಆ ಒಂದು ತಿಂಗಳ ಕೂಲಿಯನ್ನು ತಂದೆತಾಯಿ ಬಿಡಲಿ.

ಮೀಸಲಾತಿಯಲ್ಲಿ ಜಾತಿಯದನ್ನು ಎಲ್ಲರೂ ಬಲ್ಲಿರಿ. ಇನ್ನೆರಡನ್ನು ಮರೆಯುತ್ತೀರಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಪಾಲಿದೆ. ಅದೇ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಇನ್ನೊಂದು ಪಾಲಿದೆ. ಎರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕು. ಗ್ರಾಮೀಣದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಕೊನೆಯ ದಿನ ಮೂರು ಗಂಟೆಗೆ ಶಾಲೆಗೆ ಓಡಿದರೆ ಆ ದಿನ ಮುಖ್ಯೋಪಾಧ್ಯಾಯರು ರಜೆಯಲ್ಲಿರುತ್ತಾರೆ. ಇದು ಪ್ರಕೃತಿ ನಿಯಮ. ಪ್ರಕಟಣೆ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿರಿ.

ಎರಡನೆಯದು ಕಾನೂನು ನೆರವಿನ ಕಡೆ. ೧೯೭೯ರಲ್ಲಿ ಬಿಹಾರದ ಸೆರೆಮನೆಗಳ ವಿಷಯ ಸುಪ್ರೀಂ ಕೋರ್ಟಿಗೆ ಬಂತು. ಹುಸೇನಾರಾ ಖಾತೂನ್ ಪ್ರಕರಣವೆಂದು ಅದರ ಹೆಸರು. ಅಪರಾಧ ರುಜುವಾತಾದರೂ ಎಷ್ಟು ವರ್ಷ ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ವರ್ಷ, ವಿಚಾರಣೆಯೇ ಇಲ್ಲದೆ, ಬಡವರು ಒಳಗಿದ್ದರು. ಅವರ ಕಡತವನ್ನು ಮೇಲೆತ್ತಿ ಇಡುವವರು ಯಾರೂ ಇರಲಿಲ್ಲ. ಆ ಮೊಕದ್ದಮೆಯಿಂದ ಉಚಿತ ಕಾನೂನು ನೆರವು ಹಕ್ಕೆಂಬುದು ಗಟ್ಟಿಯಾಯಿತು. ೧೯೮೭ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಆಯಿತು. ೧೯೯೫ರ ನವೆಂಬರ್ ೯ರಿಂದ ಜಾರಿಗೆ ಬಂತು. ಅದರ ೧೨ನೆಯ ಕಲಮನ್ನು ಗಿರಣಿಯ ಗೋಡೆಯ ಮೇಲೆ ಬರೆಸಬೇಕು. ಪರಿಶಿಷ್ಟ ಜಾತಿ ವರ್ಗದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರು ಇವರ ಜೊತೆಗೆ ಕೈಗಾರಿಕಾ ಕಾರ್ಮಿಕರ ಹೆಸರೂ ಅದರಲ್ಲಿದೆ. ಇವರು ಆದಾಯ ತೋರಿಸಬೇಕಾಗಿಲ್ಲ. ಗಿರಣಿ ಕೆಲಸಗಾರ ಎಂಬುದೇ ಅರ್ಹತೆ. ಸಣ್ಣ ವ್ಯಾಪಾರಿಗಳಿಗೆ ಆದಾಯದ ಮಿತಿಯುಂಟು, ಆದರೆ ಅವರ ಮನೆಯ ಹೆಂಗಸರಿಗೆ ಅದೂ ಇಲ್ಲ.

ಈ ಪ್ರಾಧಿಕಾರದ ಕೈಕೆಳಗೆ ಜನರ ನಡುವೆ ಓಡಾಡುವ ಕಾನೂನು ಸ್ವಯಂಸೇವಕರಿದ್ದಾರೆ. ಪ್ಯಾರಾ ಲೀಗಲ್ ವಾಲಂಟಿಯರ್ ಎಂದು ಇಂಗ್ಲಿಷಿನಲ್ಲಿ ಹೇಳುವುದು ಇವರನ್ನೇ. ೨೦೦೯ರಲ್ಲಿ ಈ ಯೋಜನೆ ಬಂತು. ವಕೀಲಿ ಓದಬೇಕಾಗಿಲ್ಲ, ಮೆಟ್ರಿಕ್ ಆಗಿದ್ದು ವಿಷಯ ಗ್ರಹಿಸುವ ಶಕ್ತಿಯಿದ್ದರೆ ಸಾಕು. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಮೇಷ್ಟರು, ಸ್ವಸಹಾಯ ಸಂಘದ ಹೆಂಗಸರು, ಅಷ್ಟೇ ಏಕೆ, ಸೆರೆಮನೆಯಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವ ವಿದ್ಯಾವಂತ ಕೈದಿಗಳು ಕೂಡ ಆಗಬಹುದು. ತರಬೇತಿ ಕೊಡುತ್ತಾರೆ, ಗುರುತಿನ ಚೀಟಿ ಕೊಡುತ್ತಾರೆ. ಅರ್ಜಿ ಬರೆದುಕೊಡುವುದು, ಠಾಣೆಗೆ ಜೊತೆಯಲ್ಲಿ ಹೋಗುವುದು, ಪ್ರಾಧಿಕಾರದಿಂದ ವಕೀಲರು ಸಿಗುವಂತೆ ನೆರವಾಗುವುದು ಇವರ ಕೆಲಸ. ಸಂಬಳವಿಲ್ಲ, ಕೆಲಸ ಮಾಡಿದ ದಿನಕ್ಕೆ ಗೌರವಧನ. ಇದನ್ನು ನೌಕರಿಯೆಂದು ನಂಬಿ ಇದ್ದ ಕೆಲಸ ಬಿಡಬೇಡಿರಿ. ಆದರೆ ಕಡತದ ವಿದ್ಯೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

೨೦೨೨ರಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಎಂಬ ಇನ್ನೊಂದು ವ್ಯವಸ್ಥೆ ಬಂದಿದೆ. ಆರೋಪಿಯಾದ ಬಡವನ ಪರವಾಗಿ ವಾದಿಸುವುದೊಂದೇ ಅಲ್ಲಿನ ವಕೀಲರ ಪೂರ್ಣಾವಧಿ ಕೆಲಸ. ಮುಖ್ಯಸ್ಥರಿಗೆ ಹತ್ತು ವರ್ಷದ ಕ್ರಿಮಿನಲ್ ವಕಾಲತ್ತಿನ ಅನುಭವ ಬೇಕು, ಉಪಮುಖ್ಯಸ್ಥರಿಗೆ ಏಳು. ಸಹಾಯಕರಾಗಲು ಹೊಸದಾಗಿ ಸನ್ನದು ಪಡೆದವರೂ ಸಾಕು. ಗುಮಾಸ್ತರು, ಗಣಕಯಂತ್ರದವರೂ ಇರುತ್ತಾರೆ. ಎಲ್ಲರೂ ಗುತ್ತಿಗೆಯವರು! ಬಡವನ ಪ್ರಾಣ ಕಾಯುವ ಕಡತವನ್ನು ಎರಡು ವರ್ಷದ ಗುತ್ತಿಗೆಯವನ ಕೈಗೆ ಕೊಡುವುದು ಯಾವ ನ್ಯಾಯ? ಗಿರಣಿಯಲ್ಲಿ ಬದಲಿ ಕೆಲಸಗಾರನ ಪಾಡು ಏನೆಂದು ನಿಮಗೆ ಹೇಳಬೇಕಾಗಿಲ್ಲ. ನಾಳೆ ಇರುತ್ತೇನೋ ಇಲ್ಲವೋ ಎನ್ನುವವನು ಯಂತ್ರಕ್ಕೆ ಎಣ್ಣೆ ಹಾಕುವ ರೀತಿಯೇ ಬೇರೆ. ಈ ಹುದ್ದೆಗಳನ್ನು ಕಾಯಂ ಮಾಡಬೇಕು, ನ್ಯಾಯಾಲಯಗಳಲ್ಲಿ ಖಾಲಿ ಇರುವ ಕುರ್ಚಿಗಳನ್ನು ತುಂಬಬೇಕು ಎಂದು ಪಕ್ಷ ಕೇಳುತ್ತದೆ, ಕೇಳುತ್ತಲೇ ಇರುತ್ತದೆ.

ಈಗ ಹಿಂದಿನ ಸಾಲಿನ ನಗುವಿಗೆ ಬರೋಣ.

ಇದರಲ್ಲಿ ಪಕ್ಷಕ್ಕೆ ಏನು ಲಾಭ? ಏನೂ ಇಲ್ಲ. ನಷ್ಟವೇ ಉಂಟು. ಸರ್ಕಾರಿ ನೌಕರ ಯಾವ ರಾಜಕೀಯ ಪಕ್ಷದ ಸದಸ್ಯನೂ ಆಗಿರಕೂಡದು ಎಂದು ನಡತೆ ನಿಯಮಗಳಲ್ಲಿದೆ. ಗೌರವಧನದ ಸ್ವಯಂಸೇವಕರಿಗೂ ಹಾಗೆಯೇ: ರಾಜಕೀಯ ಪಕ್ಷದಲ್ಲಿ ಸಕ್ರಿಯವಾಗಿ ಇರುವವನನ್ನು ತೆಗೆದುಹಾಕಬೇಕೆಂದು ಆ ಯೋಜನೆಯಲ್ಲೇ ಬರೆದಿದೆ. ಆದುದರಿಂದ ನಿಮ್ಮ ಮುಂದೆ ನಿಂತಿರುವ ಈ ಮೆಟ್ರಿಕ್ ಮೇಷ್ಟರಿಗೆ ವಿದ್ಯಾರ್ಹತೆ ಇದ್ದರೂ ಆ ಗುರುತಿನ ಚೀಟಿ ಸಿಗದು. ನಮ್ಮ ವಾಚನಾಲಯದಲ್ಲಿ ಓದಿ, ನಮ್ಮ ಮೆರವಣಿಗೆಯಲ್ಲಿ ಬಾವುಟ ಹಿಡಿದು, ನಮ್ಮ ಪತ್ರಿಕೆಯ ಮಡಿಕೆ ಮಾಡಿ ಅಂಚೆಗೆ ಹಾಕಿದ ಹುಡುಗಿಗೆ ನೇಮಕದ ಆದೇಶ ಬಂದ ದಿನ ಅವಳು ನಮ್ಮ ಸದಸ್ಯತ್ವದ ಚೀಟಿಯನ್ನು ಹಿಂದಕ್ಕೆ ಕೊಡಬೇಕು. ಮಾರನೆಯ ದಿನದಿಂದ ಅವಳು ನಮ್ಮ ಸಭೆಗೆ ಬರಬಾರದು, ನಾವು ಕರೆಯಲೂ ಬಾರದು.

ಕಾರ್ಯಸಮಿತಿಯಲ್ಲಿ ಇದಕ್ಕೆ ವಿರೋಧವಿತ್ತು. ಓದಿದ ಹತ್ತು ಮಂದಿಯಲ್ಲಿ ಎಂಟು ಮಂದಿ ಹೀಗೆ ಹೋದರೆ ಪತ್ರಿಕೆ ಬರೆಯುವವರು ಯಾರು, ಸಂಘದ ಲೆಕ್ಕ ಇಡುವವರು ಯಾರು ಎಂದು ಹಿರಿಯರೊಬ್ಬರು ಕೇಳಿದರು. ಕೇಳುವ ಮಾತೇ. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಿದೆವು: ಸದಸ್ಯರನ್ನು ಎಣಿಸಿಕೊಂಡು ಕೂರಲು ನಮಗೆ ಪಕ್ಷ ಬೇಕಾಗಿಲ್ಲ. ನ್ಯಾಯಾಲಯದ ಕಿಟಕಿಯ ಆಚೆ, ಪಾಳಿ ಎಂದರೇನು, ಬದಲಿ ಎಂದರೇನು, ಉದ್ರಿ ಎಂದರೇನು ಎಂದು ಬಲ್ಲವಳೊಬ್ಬಳು ಕುಳಿತಿದ್ದರೆ, ಓದು ಬಾರದ ಹೆಂಗಸು ಕಾಗದ ಚಾಚಿದಾಗ 'ನಾಳೆ ಬಾ' ಎನ್ನುವ ಬದಲು 'ಅಮ್ಮ, ಇಲ್ಲಿ ಒಂದು ಸಹಿ ತಪ್ಪಿದೆ, ಈಗಲೇ ಹಾಕಿಸಿಕೊಂಡು ಬನ್ನಿ' ಎನ್ನುತ್ತಾಳೆ. ಆ ಹೆಂಗಸು ನಮ್ಮ ಪಕ್ಷದವಳಾಗಿರಲಿ, ಬೇರೆ ಪಕ್ಷದವಳಾಗಿರಲಿ.

ಇದರ ಇನ್ನೊಂದು ಮಗ್ಗುಲನ್ನೂ ಕಟುವಾಗಿ ಹೇಳಿಬಿಡುತ್ತೇವೆ. ನಾವು ಕಳುಹಿಸಿದ ಹುಡುಗ ಅಲ್ಲಿ ಕುಳಿತ ಮೇಲೆ 'ನಮ್ಮವನಲ್ಲವೆ, ಸಂಘದ ಕಡತವನ್ನು ಮೇಲಕ್ಕೆ ಇಡಪ್ಪ' ಎಂದು ಯಾರೂ ಹೋಗಕೂಡದು. ಮಾಲೀಕರ ಮಂದಿ ಹಾಗೆ ಮಾಡುತ್ತಾರೆಂದು ಬೈಯುತ್ತೇವೆ; ನಾವೇ ಮಾಡಿದರೆ ಬೈಯುವ ಬಾಯಿ ಎಲ್ಲಿ ಉಳಿಯುತ್ತದೆ? ಕಡತ ತನ್ನ ಸರದಿಯಲ್ಲಿ ಬರಲಿ. ಸರದಿಯನ್ನು ಯಾರೂ ದಾಟದಂತೆ ನೋಡಿಕೊಂಡರೆ ಅವನು ನಮಗೆ ಮಾಡಬೇಕಾದ ಉಪಕಾರ ಮುಗಿಯಿತು.

ಹಣದ ಮಾತು ಒಂದಿದೆ. ಹುದ್ದೆ ಕೊಡಿಸುತ್ತೇನೆ, ಮೇಲಿನವರು ಗೊತ್ತು, ಇಷ್ಟು ಲಕ್ಷ ಮುಂಗಡ ಕೊಡಿ ಎನ್ನುವವರು ಪ್ರಕಟಣೆಯ ಹಿಂದೆಯೇ ಹುಟ್ಟಿಕೊಳ್ಳುತ್ತಾರೆ. ಭವಿಷ್ಯನಿಧಿಯ ಹಣವನ್ನೋ ಹೆಂಡತಿಯ ಸರವನ್ನೋ ಅವರ ಕೈಗೆ ಸುರಿಯಬೇಡಿರಿ. ಬಂದವನ ಮಾತಿಗೆ ಸಾಕ್ಷಿ ಇಟ್ಟುಕೊಂಡು ಲೋಕಾಯುಕ್ತಕ್ಕೆ ಹೋಗಿರಿ. ಜೊತೆಗೆ ಬರಲು ನಾವಿದ್ದೇವೆ.

ಇಂಗ್ಲಿಷಿನ ಭಯದ ಬಗ್ಗೆ ಕೆಲವು ಹುಡುಗಿಯರು ಕೇಳಿದರು. ಉಚ್ಚ ನ್ಯಾಯಾಲಯ, ಸುಪ್ರೀಂ ಕೋರ್ಟುಗಳ ವ್ಯವಹಾರ ಸಂವಿಧಾನದ ೩೪೮ನೆಯ ವಿಧಿಯಂತೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಜಾಗವಿದೆ. ಸಾಕ್ಷಿಯ ಬಾಯಿಂದ ಬರುವುದಂತೂ ಕನ್ನಡವೇ. 'ನನ್ ಗಂಡ ಬೆಳಗಿನ್ ಪಾಳಿಗ್ ಹೋದೋನು ಮಧ್ಯಾಹ್ನ ಆಸ್ಪತ್ರೆಲಿದ್ದ' ಎಂದು ವಿಧವೆ ಹೇಳಿದ್ದನ್ನು ಅವಳ ಅರ್ಥ ಕೆಡದಂತೆ ಬರೆದುಕೊಳ್ಳಲು ಇಂಗ್ಲಿಷ್ ಶಾಲೆಯ ಮಕ್ಕಳಿಗಿಂತ ನಮ್ಮ ಮಕ್ಕಳೇ ಮೇಲು. ಹಾಗೆಂದು ಇಂಗ್ಲಿಷ್ ಬೆರಳಚ್ಚನ್ನು ಬಿಡಲಾಗದು. ಇಂಗ್ಲಿಷನ್ನು ಗದ್ದುಗೆಯಿಂದ ಇಳಿಸಬೇಕೆನ್ನುವ ಪಕ್ಷವೇ ಇಂಗ್ಲಿಷ್ ಕೀಲಿಮಣೆ ಕಲಿಸುತ್ತಿದೆ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಪರೀಕ್ಷೆಗೆ ಬೇಕು, ಕಲಿಯುತ್ತೇವೆ.

ಬರುವ ಭಾನುವಾರದಿಂದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಆರಕ್ಕೆ ಅಭ್ಯಾಸ ಶುರು. ಎರಡು ಗಣಕಯಂತ್ರಗಳಿವೆ, 'ನುಡಿ' ಹಾಕಿಸಿದ್ದೇವೆ; ಮೂರನೆಯದನ್ನು ಕೊಡಿಸುವುದಾಗಿ ಕಿರಾಣಿ ಬೀದಿಯ ಮಿತ್ರರು ಒಪ್ಪಿದ್ದಾರೆ. ರಾತ್ರಿ ಪಾಳಿಯವರ ಮಕ್ಕಳಿಗೆ ಬೆಳಿಗ್ಗೆ ಏಳಕ್ಕೆ ಇನ್ನೊಂದು ತಂಡ. ಶುಲ್ಕವಿಲ್ಲ. ಬರುವವರು ಹತ್ತನೆಯ ತರಗತಿಯ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಚೀಟಿಯ ನಕಲು ತರಲಿ. ಮೂರರಲ್ಲೂ ಹೆಸರು ಒಂದೇ ರೀತಿ ಬರೆದಿದೆಯೆ, ತಂದೆಯ ಹೆಸರಿನ ಮೊದಲಕ್ಷರ ಹಿಂದೆ ಮುಂದೆ ಆಗಿದೆಯೆ ಎಂದು ಆ ದಿನವೇ ನೋಡೋಣ. ತಿದ್ದಿಸುವುದಕ್ಕೆ ತಿಂಗಳುಗಳೇ ಬೇಕಾಗುತ್ತವೆ, ಆದ್ದರಿಂದ ಮೊದಲನೆಯ ಪಾಠ ಅದೇ. ಹೆಸರು ಕೊಡುವವರು ಈಗಲೇ ಬಾಗಿಲ ಬಳಿ ಇರುವ ಪುಸ್ತಕದಲ್ಲಿ ಬರೆಸಿ ಹೋಗಿರಿ.